ಕೋರ್ಸ್ ಬಿಟ್ಟೆ, ಅಡಿಕೆ ಮಂಡಿ ಹಿಡಿದೆ: ವೆಬ್ ಕೆಲಸ ಕಲಿತ ನನ್ನ ಅನುಭವ

ರಿಯಾಕ್ಟ್ (ವೆಬ್ ಪುಟ ಕಟ್ಟುವ ಒಂದು ಸಾಧನ) ಬರದವನಿಗೆ ಯಾರು ಕೆಲಸ ಕೊಡ್ತಾರೆ ಅಂತ ಬೆಂಗಳೂರಿನಲ್ಲಿರುವ ನಮ್ಮ ಭಾವ ಸಿಕ್ಕಾಗಲೆಲ್ಲ ಕೇಳುತ್ತಿದ್ದರು. ಈಗ ಶಿವಮೊಗ್ಗದಲ್ಲೇ ಕೂತು ಹದಿನೈದರ ಆಸುಪಾಸು ಗಿರಾಕಿಗಳ ಸೈಟ್ ನೋಡಿಕೊಳ್ಳುತ್ತಿದ್ದೇನೆ. ಮೊನ್ನೆ ಭಾವನೇ ಫೋನ್ ಮಾಡಿ, ಗೆಳೆಯನ ಅಂಗಡಿಗೆ ಒಂದು ಮಾಡಿಕೊಡು ಅಂದರು. ರೇಟ್ ಕಮ್ಮಿ ಮಾಡಲಿಲ್ಲ.

ಸ್ವಂತವಾಗಿ ಕಲಿಯುವವರಿಗೆ ನನ್ನ ಮಾತು ಇಷ್ಟೇ. ಎಚ್‌ಟಿಎಂಎಲ್, ಸಿಎಸ್‌ಎಸ್, ಸ್ವಲ್ಪ ಜಾವಾಸ್ಕ್ರಿಪ್ಟ್ ಕೈಗೆ ಹತ್ತಿದ ಕೂಡಲೇ ಊರಲ್ಲಿ ದುಡ್ಡು ಕೊಡುವ ಒಬ್ಬ ಗಿರಾಕಿಯನ್ನು ಹಿಡಿಯಿರಿ. ದುಡ್ಡು ಕಮ್ಮಿ ಇರಲಿ, ಪುಕ್ಕಟೆ ಬೇಡ. ನಾನು ಪುಕ್ಕಟೆ ಮಾಡಿಕೊಟ್ಟ ಸೈಟುಗಳಿಗೆ ಫೋಟೋ ಕೊಡುವುದಕ್ಕೇ ಮಾಲೀಕರು ತಿಂಗಳುಗಟ್ಟಲೆ ಎಳೆದರು. ಕೊನೆಗೆ ಎಲ್ಲವೂ ಅರ್ಧಕ್ಕೇ ನಿಂತವು. ಐದಾರು ಸಾವಿರ ಕೊಟ್ಟವರು ಮಾತ್ರ ರಾತ್ರಿ ಹತ್ತಕ್ಕೆ ಫೋನ್ ಮಾಡಿ "ಆ ನಂಬರ್ ತಪ್ಪಿದೆ ನೋಡಪ್ಪ" ಅನ್ನುತ್ತಾರೆ. ಕೆಲಸ ಕಲಿಸುವುದು ಆ ಫೋನೇ.

ಅದಕ್ಕೂ ಮೊದಲು ಒಂದು ಕೋಚಿಂಗ್ ಸೆಂಟರಿಗೆ ಮೂವತ್ತು ಸಾವಿರ ಚಿಲ್ಲರೆ ಕಟ್ಟಿದ್ದೆ. ಟು-ಡು ಲಿಸ್ಟ್, ಕ್ಯಾಲ್ಕುಲೇಟರ್, ಮತ್ತೆ ಟು-ಡು ಲಿಸ್ಟ್. ಸರ್ಟಿಫಿಕೇಟನ್ನು ಇವತ್ತಿನವರೆಗೆ ಯಾರೂ ಕೇಳಿಲ್ಲ. ಎಂಡಿಎನ್ (ವೆಬ್ ಭಾಷೆಗಳ ಆನ್‌ಲೈನ್ ಕೈಪಿಡಿ) ಓದಲು ದುಡ್ಡು ಕೊಡಬೇಕಿಲ್ಲ, ಗಿಟ್‌ಹಬ್ ಪೇಜಸ್‌ನಲ್ಲಿ ಸೈಟ್ ಏರಿಸಿ ಕೈ ಪಳಗಿಸಿಕೊಳ್ಳಲೂ ದುಡ್ಡು ಕೊಡಬೇಕಿಲ್ಲ.

ದುಡ್ಡು ಕೊಟ್ಟ ಮೊದಲ ಗಿರಾಕಿ ಅಡಿಕೆ ಮಂಡಿಯವರು. ಸರಕು, ಬೆಟ್ಟೆ, ರಾಶಿ, ಗೊರಬಲು, ಈ ಅಡಿಕೆ ಬಗೆಗಳ ದಿನದ ಧಾರಣೆ ಒಂದೇ ಪುಟದಲ್ಲಿ ಕಾಣಬೇಕು, ಅಷ್ಟೇ. ಡೇಟಾಬೇಸ್ ಹಾಕಿ, ಲಾಗಿನ್ ಮಾಡಿ, ಅಡ್ಮಿನ್ ಪೇಜ್ ಕಟ್ಟಿದೆ. ಗುಮಾಸ್ತರು ಪಾಸ್‌ವರ್ಡ್ ಮರೆತರು, ಮತ್ತೆ ಮರೆತರು. ಎಲ್ಲ ಕಿತ್ತೆಸೆದು ಗೂಗಲ್ ಶೀಟ್ ಕೊಟ್ಟೆ. ಅವರು ಅದರಲ್ಲಿ ದರ ತುಂಬುತ್ತಾರೆ, ಶೀಟ್ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ) ಆಗಿ ಪಬ್ಲಿಷ್ ಆಗುತ್ತದೆ, ಪುಟ ಅದನ್ನು ಫೆಚ್ ಮಾಡಿ ತೋರಿಸುತ್ತದೆ. ಹೊಸ ದರ ಬರಲು ಐದು ನಿಮಿಷ ತಡವಾಗಬಹುದು. ಯಾರೂ ಜಗಳ ತೆಗೆದಿಲ್ಲ. ಸರ್ವರ್ ಖರ್ಚು ಸೊನ್ನೆ.

ನಡುವೆ ಅಂಕಿಗಳನ್ನೂ ಕನ್ನಡದಲ್ಲೇ ತೋರಿಸೋಣ ಅಂತ ಇಂಟ್ಲ್ ನಂಬರ್‌ಫಾರ್ಮ್ಯಾಟ್ (ಅಂಕಿಗಳನ್ನು ಆಯಾ ಭಾಷೆಯ ರೀತಿಯಲ್ಲಿ ತೋರಿಸುವ ಜಾವಾಸ್ಕ್ರಿಪ್ಟ್ ಸೌಲಭ್ಯ) ಹಿಡಿದು ಕೂತೆ. ಬರೀ ಕನ್ನಡ ಲೊಕೇಲ್ (ಭಾಷೆಯ ಗುರುತು) ಕೊಟ್ಟರೆ ಇಂಗ್ಲಿಷ್ ಅಂಕಿಯೇ ಬರುತ್ತದೆ, ಅಂಕಿಯ ಪದ್ಧತಿಯನ್ನು ಬೇರೆಯಾಗಿ ಹೇಳಬೇಕು. ಚೆನ್ನಾಗಿಯೇ ಬಂತು. ಸಾಹುಕಾರರು ನೋಡಿ "ಚಂದ ಇದೆ, ತೆಗೆದುಬಿಡು" ಅಂದರು. ಲಕ್ಷದ ಲೆಕ್ಕಕ್ಕೆ ಅಲ್ಪವಿರಾಮ ಸರಿಯಾದ ಜಾಗದಲ್ಲಿ ಬೀಳುವುದು ಮಾತ್ರ ಉಳಿಯಿತು.

ಕೋರ್ಸ್‌ನಲ್ಲಿ ಯಾರೂ ಹೇಳದ ತೊಂದರೆಗಳೆಲ್ಲ ಕನ್ನಡದಲ್ಲೇ ಬಂದವು. ಬಟನ್‌ಗೆ ಎತ್ತರ ಕಟ್ಟಿಹಾಕಿದರೆ ಒತ್ತಕ್ಷರದ ಬಾಲ ಕತ್ತರಿಸಿಹೋಗುತ್ತದೆ. ಲೈನ್ ಹೈಟ್ (ಸಾಲಿನ ಎತ್ತರ) ಧಾರಾಳವಾಗಿರಲಿ. ಉದ್ದದ ಹೆಸರನ್ನು ಕೋಡ್‌ನಲ್ಲಿ ಸ್ಲೈಸ್ ಮಾಡಿ ಕತ್ತರಿಸಿದರೆ 'ಕೃಷ್ಣ' ಹೋಗಿ 'ಕೃಷ್' ಆಗುತ್ತದೆ. ಆ ಕೆಲಸವನ್ನು ಸಿಎಸ್‌ಎಸ್ ಎಲಿಪ್ಸಿಸ್‌ಗೆ (ಉಳಿದದ್ದನ್ನು ಮರೆಮಾಡಿ ಮೂರು ಚುಕ್ಕಿ ತೋರಿಸುವುದು) ಬಿಟ್ಟೆ. ಪುಟದ ಜೊತೆ ಫಾಂಟ್ ಇಳಿಸುವುದನ್ನೂ ನಿಲ್ಲಿಸಿದೆ. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತದೆ, ಸುಮ್ನೆ ರೈತರ ಡೇಟಾ ಯಾಕೆ ತಿನ್ನಬೇಕು?

ಜಾಸ್ತಿ ಸಮಯ ನುಂಗಿದ್ದು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫೈಲುಗಳು. ಬ್ರೌಸರ್‌ಗೆ ಅಂಟಿಸಿದರೆ ಬರೀ ವಿಚಿತ್ರ ಇಂಗ್ಲಿಷ್ ಅಕ್ಷರ. ಯುನಿಕೋಡ್‌ಗೆ (ಎಲ್ಲ ಭಾಷೆಗಳ ಅಕ್ಷರಕ್ಕೂ ಈಗ ಬಳಸುವ ಸಂಕೇತ ಪದ್ಧತಿ) ತಿರುಗಿಸಲು ಪಟ್ಟಿ ಮಾಡಿ ಒಂದೊಂದೇ ಅಕ್ಷರ ಬದಲಿಸುತ್ತಾ ಹೋದೆ. ಸುಲಭದ ಪದ ಸರಿಬಂತು, 'ಶಕ್ತಿ' ಕೆಟ್ಟಿತು. ಹಳೆಯ ಫಾಂಟಿನಲ್ಲಿ ಗುಣಿತ ಮೊದಲು, ಒತ್ತು ಆಮೇಲೆ. ಯುನಿಕೋಡ್‌ನಲ್ಲಿ ಒತ್ತು ಮೊದಲು, ಗುಣಿತ ಆಮೇಲೆ. ಅರ್ಕಾವತ್ತು ಇನ್ನೂ ತರಲೆ: ನುಡಿಯಲ್ಲಿ ಅಕ್ಷರದ ನಂತರ ಬರುವುದು ಯುನಿಕೋಡ್‌ನಲ್ಲಿ ಅಕ್ಷರಕ್ಕೂ ಮುಂಚೆ ಬರಬೇಕು. ಎಐಗೆ ಕೇಳಿದೆ, ಅದೂ ಅಲ್ಲೇ ಮುಗ್ಗರಿಸಿತು. ಈಗ ನನ್ನ ಕನ್ವರ್ಟರ್ ಸಾವಿರ ಪುಟ ಕೊಟ್ಟರೂ ತಡೆದುಕೊಳ್ಳುತ್ತದೆ. ಯಾವ ಕ್ರಮದಲ್ಲಿ ಬದಲಿಸುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಒಂದು ಸಹಕಾರ ಸಂಘ, ಒಂದು ಮಠ, ಎರಡೂ ಕೆಲಸ ಬಂದದ್ದು ಅದರಿಂದಲೇ.

ರಿಯಾಕ್ಟನ್ನು ಈಗ ಕಲಿಯುತ್ತಿದ್ದೇನೆ. ಕಲ್ಯಾಣ ಮಂಟಪದವರಿಗೆ ಬುಕಿಂಗ್ ಕ್ಯಾಲೆಂಡರ್ ಬೇಕಂತೆ, ಮುಂಗಡವೂ ಬಂದಿದೆ. ಕೆಲಸಕ್ಕೆ ಬೇಕಾದಾಗ ಕಲಿತರೆ ಎಷ್ಟು ಬೇಗ ತಲೆಗೆ ಹತ್ತುತ್ತದೆ ಅಲ್ವಾ!

ಮೊದಲ ಸೈಟಿಗೆ ಆರು ಸಾವಿರ ತಗೊಂಡಿದ್ದೆ. ಈಗ ಇಪ್ಪತ್ತಕ್ಕಿಂತ ಕೆಳಗೆ ಇಳಿಯುವುದಿಲ್ಲ, ಮೇಲೆ ವರ್ಷಕ್ಕೆ ನಾಲ್ಕು ಸಾವಿರ ನಿರ್ವಹಣೆ. ಅರ್ಧ ಮುಂಗಡ ಬರದೆ ಎಡಿಟರ್ ತೆರೆಯುವುದಿಲ್ಲ. ಡೊಮೇನ್ (ಸೈಟಿನ ವಿಳಾಸ) ಗಿರಾಕಿಯ ಹೆಸರಲ್ಲೇ, ಅವರ ಈಮೇಲಿನಲ್ಲೇ ಇರಲಿ. ಮೊದಲ ವರ್ಷದ ರಿಯಾಯಿತಿ ದರ ನೋಡಿ ಮಾತು ಕೊಡಬೇಡಿ, ಎರಡನೇ ವರ್ಷದ ನವೀಕರಣದ ದರವನ್ನು ಕೊಟೇಶನ್‌ನಲ್ಲೇ ಬರೆದುಕೊಡಿ.