ಶಿರಸಿ–ಕುಮಟಾ ಚಾಲಿ ದರ: ಅಧ್ಯಯನ ಮಾಡುವ ಬಗೆ

ಶಿರಸಿ ಮಾರುಕಟ್ಟೆಯ ಚಾಲಿ (ಹಣ್ಣಾದ ಮೇಲೆ ಒಣಗಿಸಿ ಸುಲಿದ) ಅಡಿಕೆಯ ದರವು ಕುಮಟಾದ ದರವನ್ನು ಹಿಂಬಾಲಿಸುತ್ತದೆಯೇ ಎಂಬಂತಹ ಒಂದೇ ಪ್ರಶ್ನೆಯನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ‘ಅಡಿಕೆಯ ಅರ್ಥಶಾಸ್ತ್ರ’ ಎಂಬ ವಿಷಯ ಪ್ರಶ್ನೆಯಲ್ಲ.

ಆಗ್‌ಮಾರ್ಕ್‌ನೆಟ್ ಎಂಬ ಕೇಂದ್ರ ಸರ್ಕಾರದ ಕೃಷಿ ಮಾರುಕಟ್ಟೆ ದರಗಳ ಜಾಲತಾಣದಲ್ಲಿ ಪ್ರತಿ ಕ್ವಿಂಟಾಲಿಗೆ ಕನಿಷ್ಠ, ಗರಿಷ್ಠ ಮತ್ತು ಮಾದರಿ (ಮೋಡಲ್, ಅಂದರೆ ಹೆಚ್ಚಿನ ಮಾಲು ಮಾರಾಟವಾದ) ದರಗಳು ದೊರೆಯುತ್ತವೆ. ಮಾದರಿ ದರವನ್ನೇ ಆರಿಸಿಕೊಳ್ಳುವುದು ಲೇಸು, ಏಕೆಂದರೆ ಗರಿಷ್ಠ ದರವು ಒಂದೆರಡು ಉತ್ತಮ ರಾಶಿಗಳಿಂದಲೇ ಏರಿರಬಹುದು. ಹಳೆ ಚಾಲಿ, ಹೊಸ ಚಾಲಿ, ಕೆಂಪುಗೋಟು, ಬೆಟ್ಟೆ ಎಂಬ ಅಡಿಕೆಯ ಬಗೆಗಳನ್ನು ಒಂದೇ ಸಾಲಿನಲ್ಲಿ ಬೆರೆಸಿದರೆ, ದರ ಬದಲಾಯಿತೋ ಮಾಲೇ ಬದಲಾಯಿತೋ ತಿಳಿಯುವುದಿಲ್ಲ. ಘಟ್ಟದ ಮೇಲಿನ ಯಾವ ಬೆಳೆಗಾರನೂ ಮಾಡದ ಈ ತಪ್ಪನ್ನು ಸಂಶೋಧಕರು ಸಲೀಸಾಗಿ ಮಾಡುತ್ತಾರೆ. ಮಾರುಕಟ್ಟೆ ಮುಚ್ಚಿದ ದಿನವನ್ನು ಖಾಲಿ ಬಿಡಬೇಕು, ಸೊನ್ನೆ ತುಂಬಬಾರದು.

ಎರಡೂ ದರಗಳು ವರ್ಷಗಳುದ್ದಕ್ಕೂ ಏರುತ್ತಿದ್ದರೆ, ಅವುಗಳ ನಡುವೆ ಸಂಬಂಧವಿಲ್ಲದಿದ್ದರೂ ಹಿಂಚಲನೆಯ (ರಿಗ್ರೆಶನ್, ಅಂದರೆ ಒಂದು ದರದಿಂದ ಇನ್ನೊಂದನ್ನು ಅಂದಾಜಿಸುವ) ಲೆಕ್ಕವು ಗಾಢ ಸಂಬಂಧವನ್ನು ತೋರಿಸಬಲ್ಲದು; ಅರ್ಥಶಾಸ್ತ್ರಜ್ಞರಾದ ಗ್ರ್ಯಾಂಜರ್ ಮತ್ತು ನ್ಯೂಬೋಲ್ಡ್ 1974ರಲ್ಲೇ ಈ ಹುಸಿ ಸಂಬಂಧದ ಬಗ್ಗೆ ಎಚ್ಚರಿಸಿದ್ದರು. ಆದ್ದರಿಂದ ದರಗಳ ಲಾಗರಿದಮ್ ತೆಗೆದು, ಡಿಕ್ಕಿ–ಫುಲ್ಲರ್ ಪರೀಕ್ಷೆಯಿಂದ ಸ್ಥಿರತೆಯನ್ನು (ಸರಾಸರಿ ಮತ್ತು ಏರಿಳಿತದ ಪ್ರಮಾಣ ಕಾಲದೊಂದಿಗೆ ಬದಲಾಗದಿರುವುದನ್ನು) ನೋಡಿ, ಅಸ್ಥಿರವಾಗಿದ್ದರೆ ಎಂಗಲ್ ಮತ್ತು ಗ್ರ್ಯಾಂಜರ್ 1987ರಲ್ಲಿ ನಿರೂಪಿಸಿದ ಸಹಸಮಗ್ರತೆಯ (ಎರಡೂ ದರಗಳು ದೀರ್ಘಕಾಲದಲ್ಲಿ ಒಟ್ಟಿಗೆ ಸಾಗುತ್ತವೆಯೇ ಎಂಬ) ಪರೀಕ್ಷೆಯನ್ನು ನಡೆಸಬೇಕು.

ಕುಮಟಾದ ನಿನ್ನೆಯ ದರವು ಶಿರಸಿಯ ಇಂದಿನ ದರವನ್ನು ಮೊದಲೇ ಸೂಚಿಸಿತೆಂದ ಮಾತ್ರಕ್ಕೆ ಅದೇ ಕಾರಣವೆನ್ನಲಾಗದು. ಆಮದು ನೀತಿಯ ಸುದ್ದಿ ಎರಡೂ ಕಡೆ ಬೇರೆ ಬೇರೆ ವೇಗದಲ್ಲಿ ತಲುಪಿರಲೂಬಹುದು.