ಹೊಸಬರಿಗೆ ಡಿಸ್ಕ್ ಗಾಲ್ಫ್: ಮೊದಲ ಎಸೆತಕ್ಕೂ ಪಟರ್ ಸಾಕು
ಡಿಸ್ಕ್ ಗಾಲ್ಫ್ ಅಂದರೆ ತಟ್ಟೆಯಂಥ ಡಿಸ್ಕನ್ನು ಎಸೆದು, ಆದಷ್ಟು ಕಡಿಮೆ ಎಸೆತದಲ್ಲಿ ಬಾಸ್ಕೆಟ್‌ಗೆ ಹಾಕುವ ಆಟ. ಇದನ್ನು ಶುರು ಮಾಡುವವರು ಡ್ರೈವರನ್ನು (ದೂರ ಎಸೆಯುವ ಡಿಸ್ಕ್) ಬ್ಯಾಗಿನಲ್ಲೇ ಬಿಟ್ಟು, ಟೀಯಿಂದ (ಮೊದಲ ಎಸೆತದ ಜಾಗ) ಬಾಸ್ಕೆಟ್‌ವರೆಗೂ ಪಟರ್‌ನಲ್ಲೇ (ಹತ್ತಿರದಿಂದ ಬಾಸ್ಕೆಟ್‌ಗೆ ಹಾಕುವ ಡಿಸ್ಕ್) ಎಸೆಯಿರಿ. ಹೆಚ್ಚಿನ ಡಿಸ್ಕ್‌ಗಳ ಮೇಲೆ ನಾಲ್ಕು ಅಂಕಿ ಇರುತ್ತವೆ ಅಲ್ವಾ, ಅದರಲ್ಲಿ ಮೊದಲನೆಯದು ಸ್ಪೀಡ್, ಅಂದರೆ ಡಿಸ್ಕ್ ಸರಿಯಾಗಿ ಹಾರಲು ಬೇಕಾದ ವೇಗದ ಅಂಕಿ: ಪಟರ್‌ಗೆ 2 ಅಥವಾ 3, ದೂರದ ಡ್ರೈವರ್‌ಗೆ 12ರ ಆಸುಪಾಸು. ಅಷ್ಟು ವೇಗದಲ್ಲಿ ಎಸೆಯುವ ಕೈ ಹೊಸಬರಿಗೆ ಇರುವುದಿಲ್ಲ, ಹಾಗಾಗಿ ಡ್ರೈವರ್ ಅರ್ಧ ದಾರಿಯಲ್ಲೇ ಎಡಕ್ಕೆ ವಾಲಿ ಪೊದೆ ಸೇರುತ್ತದೆ (ಇದು ಬಲಗೈ ಬ್ಯಾಕ್‌ಹ್ಯಾಂಡ್ ಲೆಕ್ಕ, ಎಡಗೈಯವರು ಎಡ ಬಲ ಅದಲುಬದಲು ಮಾಡಿಕೊಳ್ಳಿ). ಪಟರ್ ಆದರೆ ನಿಧಾನ ಎಸೆದರೂ ಹೆಚ್ಚುಕಡಿಮೆ ನೇರ ಹೋಗುತ್ತದೆ. ಇದು ಕೈಕೊಡುವುದು ಗಾಳಿಯಲ್ಲಿ. ಪಣಂಬೂರು, ಮಲ್ಪೆ ಕಡೆ ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದರೆ, ಅದಕ್ಕೆ ಎದುರಾಗಿ ಎಸೆದ ಪಟರ್ ಮೇಲೆದ್ದು ಬಲಕ್ಕೆ ಮಗುಚಿಕೊಳ್ಳುತ್ತದೆ. ಆಗ ಎತ್ತರಕ್ಕೆ ಬಿಡದೆ, ಡಿಸ್ಕಿನ ಎಡ ಅಂಚನ್ನು ಸ್ವಲ್ಪ ಕೆಳಗೆ ಮಾಡಿ ಎಸೆಯಿರಿ. ಸುಮ್ನೆ ಜೋರು ಹಾಕಬೇಡಿ, ಜೋರಾದಷ್ಟೂ ಜಾಸ್ತಿ ಮಗುಚುತ್ತದೆ. ಗಾಳಿ ಬೆನ್ನಿಗಿದ್ದರೆ ಬೇಗ ನೆಲಕ್ಕಿಳಿಯುತ್ತದೆ, ಅದಕ್ಕೆ ತುಸು ಎತ್ತರಕ್ಕೆ ಬಿಡಿ. ಅಭ್ಯಾಸಕ್ಕೆ ಬೆಳಿಗ್ಗೆಯೇ ಒಳ್ಳೆಯದು. ಮಳೆಗಾಲದಲ್ಲಿ ಪ್ರತಿ ಎಸೆತಕ್ಕೂ ಬೈರಾಸಿನಲ್ಲಿ ಒರೆಸಿಕೊಳ್ಳಿ, ಒದ್ದೆ ಡಿಸ್ಕ್ ಎಲ್ಲಿಗೆ ಜಾರುತ್ತದೋ ಹೇಳಲಾಗದು. ಬೀಚಿನಲ್ಲಿ ಆಡುವುದಾದರೆ ಜನ ಇಲ್ಲದ ಕಡೆ ನೋಡಿಕೊಳ್ಳಿ, ಇದು ಮಕ್ಕಳ ಫ್ರಿಸ್ಬಿಗಿಂತ ಗಟ್ಟಿ, ತಾಗಿದರೆ ಪೆಟ್ಟಾಗುತ್ತದೆ. ನೀರಿನ ಕಡೆಗಂತೂ ಎಸೆಯಲೇಬೇಡಿ, ಹೆಚ್ಚಿನ ಡಿಸ್ಕ್‌ಗಳು ಮುಳುಗುತ್ತವೆ.