ಹೊಳೆನೀರಿನಲ್ಲಿ ಸಿಪ್ರೋಫ್ಲಾಕ್ಸಸಿನ್: ಅಣು ಅಚ್ಚಿನ ಸೆನ್ಸರ್ ಮಾಡಿದ ಅನುಭವ

ಎಲೆಕ್ಟ್ರೋಡಿನ ಮೇಲೆ ಔಷಧಿಯ ಅಣುಗಳ ಸುತ್ತ ಪಾಲಿಮರ್ ಪದರ ಬೆಳೆಸಿ, ಆಮೇಲೆ ಔಷಧಿಯನ್ನು ತೊಳೆದು ತೆಗೆದರೆ ಅದರ ಆಕಾರದ ಕುಳಿಗಳು ಉಳಿಯುತ್ತವೆ. ಅದೇ ಅಣು ಅಚ್ಚು. ನೀರಿನಲ್ಲಿ ಆ ಔಷಧಿ ಇದ್ದರೆ ಕುಳಿಗಳಲ್ಲಿ ಮತ್ತೆ ಕೂರುತ್ತದೆ. ಅಚ್ಚಿಗೆ ಔಷಧಿ ಆರಿಸುವಾಗ ನಾನು ಮೊದಲು ನೋಡುವುದು ಅದು ಎಷ್ಟು ವೋಲ್ಟಿಗೆ ಉತ್ಕರ್ಷಣಗೊಳ್ಳುತ್ತದೆ, ಅಂದರೆ ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ, ಎಂಬುದನ್ನು. ಆರ್ಥೋ-ಫಿನೈಲೀನ್‌ಡಯಮೀನ್ ಪದರ ಬೆಳೆಸುವುದು 0ರಿಂದ 0.8 ವೋಲ್ಟ್ ನಡುವೆ. ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್ ಅಷ್ಟರೊಳಗೇ ಉತ್ಕರ್ಷಣಗೊಂಡು ಬೇರೆ ಅಣುವಾಗಿಬಿಡುತ್ತವೆ. ಅಚ್ಚು ಮೂಡಿದರೂ ಅದು ಯಾವುದರ ಅಚ್ಚು ಎಂದು ಹೇಳಲಾಗದು. ಬ್ಯಾಕ್ಟೀರಿಯಾ ಕೊಲ್ಲುವ ಸಿಪ್ರೋಫ್ಲಾಕ್ಸಸಿನ್ ಆ ವೋಲ್ಟುಗಳಲ್ಲಿ ಹಾಗೇ ಉಳಿಯುತ್ತದೆ. ಮನುಷ್ಯರಿಗೆ ಕೊಡುವ ಈ ಮದ್ದು ಕೊಟ್ಟಿಗೆಯಿಂದಲೂ ನೀರಿಗೆ ಬರಬಲ್ಲದು: ದನ, ಕೋಳಿಗಳಿಗೆ ಕೊಡುವ ಎನ್ರೋಫ್ಲಾಕ್ಸಸಿನ್ ಅವುಗಳ ಮೈಯೊಳಗೆ ಸಿಪ್ರೋಫ್ಲಾಕ್ಸಸಿನ್ ಆಗುತ್ತದೆ.

3 ಮಿ.ಮೀ. ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡನ್ನು 1, 0.3, 0.05 ಮೈಕ್ರಾನ್ ಅಲ್ಯೂಮಿನಾದಲ್ಲಿ ಸರದಿಯಾಗಿ ಉಜ್ಜಿ ತೊಳೆಯುತ್ತೇನೆ. ಎಲೆಕ್ಟ್ರೋಡಿನೊಂದಿಗೆ ಸುಲಭವಾಗಿ ಎಲೆಕ್ಟ್ರಾನ್ ಕೊಟ್ಟು ಪಡೆಯುವ ಫೆರಿ-ಫೆರೋಸಯನೈಡ್ ದ್ರಾವಣದಲ್ಲಿ ವೋಲ್ಟ್ ಏರಿಸಿ ಇಳಿಸಿದಾಗ ಕರೆಂಟಿನಲ್ಲಿ ಕಾಣುವ ಎರಡು ಪೀಕ್‌ಗಳ (ಏರುತುದಿಗಳ) ನಡುವಿನ ಅಂತರ 80 ಮಿಲಿವೋಲ್ಟ್ ಮೀರಿದರೆ ಮತ್ತೆ ಉಜ್ಜಬೇಕು.

ಪದರಕ್ಕೆ 10 ಮಿ.ಲೀ. ದ್ರಾವಣ ಸಾಕು: 0.1 ಮೋಲಾರ್ ಅಸಿಟೇಟ್ ಬಫರ್, ಪಿಹೆಚ್ 5.2, ಫಿನೈಲೀನ್‌ಡಯಮೀನ್ 10.8 ಮಿ.ಗ್ರಾಂ, ಸಿಪ್ರೋಫ್ಲಾಕ್ಸಸಿನ್ ಹೈಡ್ರೋಕ್ಲೋರೈಡ್ ಮಾನೋಹೈಡ್ರೇಟ್ 7.7 ಮಿ.ಗ್ರಾಂ. ಅಂದರೆ 10 ಮತ್ತು 2 ಮಿಲಿಮೋಲಾರ್. ಮಾತ್ರೆ ಪುಡಿ ಮಾಡಿ ಹಾಕಬೇಡಿ. ಮಾತ್ರೆಗಳಲ್ಲಿರುವ ಸ್ಟಿಯರೇಟ್‌ನ ಮೆಗ್ನೀಸಿಯಮ್ ಈ ಔಷಧಿಗೆ ಅಂಟಿಕೊಳ್ಳುತ್ತದೆ. ಫಿನೈಲೀನ್‌ಡಯಮೀನ್ ಬಿಳಿಚಾಗಿರಬೇಕು, ಕಂದಾಗಿದ್ದರೆ ಅದು ಗಾಳಿಗೆ ಕೆಟ್ಟಿದೆ. ಮಡಿಕೇರಿಯ ಮಳೆಗಾಲದ ತೇವದಲ್ಲಿ ದೊಡ್ಡ ಬಾಟಲಿಯನ್ನು ಪದೇ ಪದೇ ತೆರೆಯುವ ಬದಲು ಸಣ್ಣ ಶೀಶೆಗಳಿಗೆ ಹಂಚಿ, ಸಾರಜನಕ ತುಂಬಿ, ಫ್ರಿಜ್‌ನಲ್ಲಿಡುವುದು ವಾಸಿ.

ದ್ರಾವಣಕ್ಕೆ 10 ನಿಮಿಷ ಸಾರಜನಕ ಹಾಯಿಸಿ, ಸೆಕೆಂಡಿಗೆ 50 ಮಿಲಿವೋಲ್ಟ್‌ನಂತೆ ವೋಲ್ಟನ್ನು 0ರಿಂದ 0.8ಕ್ಕೆ ಏರಿಸಿ ಇಳಿಸುವ 20 ಸುತ್ತು ಓಡಿಸುತ್ತೇನೆ. ಮೊದಲ ಸುತ್ತಿನ ದೊಡ್ಡ ಪೀಕ್ ಆಮೇಲಿನ ಸುತ್ತುಗಳಲ್ಲಿ ಕುಸಿಯಬೇಕು, ಏಕೆಂದರೆ ಬೆಳೆಯುತ್ತಿರುವುದು ವಿದ್ಯುತ್ ಹರಿಯಗೊಡದ ಪದರ. ಇದೇ ಕೆಲಸವನ್ನು ಗಂಧಕಾಮ್ಲದಲ್ಲಿ ಮಾಡಿದರೆ ವಿದ್ಯುತ್ ಹರಿಸುವ ಪದರ ಬರುತ್ತದೆ, ಅದು ಇಲ್ಲಿ ಬೇಡ. ಯುಪಿಎಸ್ ಇಲ್ಲದೆ ಶುರುಮಾಡಬಾರದು. ನಡುವೆ ಕರೆಂಟ್ ಹೋದ ಎಲೆಕ್ಟ್ರೋಡನ್ನು ಮುಂದುವರಿಸದೆ ಉಜ್ಜಿ ಮೊದಲಿನಿಂದ ಮಾಡಬೇಕು.

ಪ್ರತಿ ಬಾರಿಯೂ ಔಷಧಿ ಹಾಕದ ಇನ್ನೊಂದು ಪದರವನ್ನು, ಉಳಿದೆಲ್ಲ ಅದೇ ಕ್ರಮದಲ್ಲಿ, ಜೊತೆಗೆ ಮಾಡಿಟ್ಟುಕೊಳ್ಳುತ್ತೇನೆ. ಈ ಅಚ್ಚಿಲ್ಲದ ಜೋಡಿ ಇಲ್ಲದೆ ಬಂದ ಯಾವ ಅಂಕಿಯನ್ನೂ ನಾನು ನಂಬುವುದಿಲ್ಲ. ಔಷಧಿ ತೊಳೆದು ಅಚ್ಚು ಖಾಲಿಮಾಡುವ ಹಂತದಲ್ಲೇ ಆ ಜೋಡಿಯ ಬೆಲೆ ಗೊತ್ತಾಗುತ್ತದೆ. ಮೆಥನಾಲ್ 9 ಪಾಲು, ಅಸಿಟಿಕ್ ಆಮ್ಲ 1 ಪಾಲು, ಕಲಕುತ್ತಾ 20 ನಿಮಿಷ. ತೊಳೆದ ಮೇಲೆ ಫೆರಿಸಯನೈಡ್ ಪೀಕ್ ಏರಬೇಕು, ಎರಡನೇ ತೊಳೆತದಲ್ಲಿ ಇನ್ನೂ ಏರಿದರೆ ಔಷಧಿ ಉಳಿದಿದೆ. ಆದರೆ ಅಚ್ಚಿಲ್ಲದ ಪದರದ ಪೀಕೂ ಏರಿತೆಂದರೆ ತೊಳೆತ ಪದರವನ್ನೇ ಕಿತ್ತಿದೆ. ಕೊನೆಗೆ ಬಫರಿನಲ್ಲಿ ಚೆನ್ನಾಗಿ ಜಾಲಾಡಬೇಕು. ಆಮ್ಲ ಉಳಿದರೆ ಫೆರೋಸಯನೈಡ್ ಒಡೆದು ಎಲೆಕ್ಟ್ರೋಡಿನ ಮೇಲೆ ಪ್ರಷ್ಯನ್ ನೀಲಿ ಕೂರುತ್ತದೆ.

ಅಳೆಯುವಾಗ ಎಲೆಕ್ಟ್ರೋಡನ್ನು ಮಾದರಿ ನೀರಿನಲ್ಲಿಟ್ಟು 10 ನಿಮಿಷ ಕಲಕಿ, ಜಾಲಾಡಿ, 5 ಮಿಲಿಮೋಲಾರ್ ಫೆರಿ-ಫೆರೋಸಯನೈಡ್ ಮತ್ತು 0.1 ಮೋಲಾರ್ ಪೊಟ್ಯಾಸಿಯಮ್ ಕ್ಲೋರೈಡ್ ಇರುವ ದ್ರಾವಣಕ್ಕೆ ಹಾಕುತ್ತೇನೆ. ಔಷಧಿ ಕುಳಿಗಳನ್ನು ತುಂಬಿದಷ್ಟೂ ಫೆರಿಸಯನೈಡಿಗೆ ಎಲೆಕ್ಟ್ರೋಡ್ ಮುಟ್ಟುವ ದಾರಿ ಮುಚ್ಚಿ ಪೀಕ್ ಇಳಿಯುತ್ತದೆ. ಜುಲೈನ ಚಳಿಯಲ್ಲಿ ಔಷಧಿ ನಿಧಾನಕ್ಕೆ ಕೂರುವುದರಿಂದ 25 ಡಿಗ್ರಿಯ ವಾಟರ್ ಬಾತ್ ಬೇಕೇ ಬೇಕು.

ಕೊಡಗಿನ ನೀರಿನ ನಿಜವಾದ ತೊಡಕು ಇನ್ನು ಮುಂದೆ. ಮಳೆಗಾಲದಲ್ಲಿ ಕುಶಾಲನಗರದ ಕಾವೇರಿ ಕೆಂಪು ಮಣ್ಣು ಹೊತ್ತು ಬರುತ್ತದೆ. ಸಿಪ್ರೋಫ್ಲಾಕ್ಸಸಿನ್‌ನ ಕೀಟೋ ಮತ್ತು ಕಾರ್ಬಾಕ್ಸಿಲ್ ತುದಿಗಳು ಕಬ್ಬಿಣ, ಅಲ್ಯೂಮಿನಿಯಮ್ ಹಿಡಿದುಕೊಂಡರೆ ಅಣು ಅಚ್ಚಿಗೆ ಹೊಂದದೆ ಫಲಿತಾಂಶ ಕಡಿಮೆ ಬರುತ್ತದೆ. ಸೋಸಿದ ನೀರಿಗೆ ಸಮಪಾಲು ಪಿಹೆಚ್ 7ರ ಫಾಸ್ಫೇಟ್ ಬಫರ್ ಸೇರಿಸುವಾಗ ಅದರಲ್ಲಿ ಲೋಹಗಳನ್ನು ತಾನೇ ಹಿಡಿದುಕೊಳ್ಳುವ ಇಡಿಟಿಎ 2 ಮಿಲಿಮೋಲಾರ್ ಇಟ್ಟಿರುತ್ತೇನೆ. ಮಣ್ಣಿಗೆ ಅಂಟಿದ ಔಷಧಿ ಸೋಸುಕಾಗದದಲ್ಲೇ ಉಳಿಯುತ್ತದೆ, ಅದನ್ನು ಈ ವಿಧಾನ ಲೆಕ್ಕಕ್ಕೆ ತರುವುದಿಲ್ಲ. ಮಾದರಿಗೆ ಗಾಜಿನ ಬದಲು ಪಾಲಿಪ್ರೊಪಿಲೀನ್ ಬಾಟಲಿ. ಬೆಳಕಿಗೆ ಔಷಧಿ ಒಡೆಯುವುದರಿಂದ ಮೇಲೆ ಅಲ್ಯೂಮಿನಿಯಮ್ ಫಾಯಿಲ್.

ಡಿಸೆಂಬರ್ ಬಂತೆಂದರೆ ತೊಡಕು ತಿರುಗುಮುರುಗಾಗುತ್ತದೆ. ಕಾಫಿ ಪಲ್ಪಿಂಗ್ ನೀರು ಸೇರಿದ ತೋಡುಗಳಲ್ಲಿ ಕ್ಲೋರೋಜೆನಿಕ್ ಆಮ್ಲ, ಟ್ಯಾನಿನ್‌ಗಳಿರುತ್ತವೆ. ಅವು ಪದರದ ಮೇಲೆ ಕೂತು ಪೀಕ್ ಇಳಿಸಿದರೆ ಇಲ್ಲದ ಔಷಧಿ ಇದ್ದಂತೆ ಕಾಣುತ್ತದೆ. ಆಗ ಅಚ್ಚಿಲ್ಲದ ಪದರದ ಪೀಕೂ ಇಳಿದಿರುತ್ತದೆ. ಅದಕ್ಕೇ ಎರಡರ ಇಳಿಕೆಯ ವ್ಯತ್ಯಾಸವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡು, ಅದೇ ನೀರಿಗೆ ಗೊತ್ತಿರುವ ಪ್ರಮಾಣದ ಔಷಧಿ ಸೇರಿಸಿ ಅಳೆಯುತ್ತೇನೆ. ಎನ್ರೋಫ್ಲಾಕ್ಸಸಿನ್, ನಾರ್‌ಫ್ಲಾಕ್ಸಸಿನ್ ಕೂಡ ಇದೇ ಅಚ್ಚಿಗೆ ಕೂರಬಲ್ಲವು. ವರದಿಯಲ್ಲಿ ಈ ಮೂರೂ ಸೇರಿದ ಗುಂಪಿನ ಹೆಸರಾದ ‘ಫ್ಲೋರೋಕ್ವಿನೊಲೋನ್’ ಎಂದು ಬರೆಯುವುದು ಪ್ರಾಮಾಣಿಕ.

ನಾನು ಭರವಸೆಯಿಂದ ಅಳೆಯುವುದು 0.1 ಮೈಕ್ರೋಮೋಲಾರ್, ಅಂದರೆ ಲೀಟರಿಗೆ ಸುಮಾರು 33 ಮೈಕ್ರೋಗ್ರಾಂನಿಂದ ಮೇಲೆ. ಹಾಲಿನಲ್ಲಿ ಎನ್ರೋಫ್ಲಾಕ್ಸಸಿನ್, ಸಿಪ್ರೋಫ್ಲಾಕ್ಸಸಿನ್ ಎರಡೂ ಸೇರಿ ಯುರೋಪಿನ ಮಿತಿ ಕಿಲೋಗೆ 100 ಮೈಕ್ರೋಗ್ರಾಂ. ಅಷ್ಟು ಪ್ರಮಾಣ ಸೆನ್ಸರಿನ ಅಳವಿನಲ್ಲಿದೆ. ಹೊಳೆಯ ವಿಷಯ ಬೇರೆ. ಬ್ಯಾಕ್ಟೀರಿಯಾ ಮದ್ದಿಗೆ ಬಗ್ಗದಂತಾಗುವುದನ್ನು ತಡೆಯಲು 2016ರಲ್ಲಿ ಸೂಚಿಸಲಾದ ಮಿತಿ ಲೀಟರಿಗೆ 0.064 ಮೈಕ್ರೋಗ್ರಾಂ. ಅರ್ಧ ಲೀಟರ್ ನೀರನ್ನು ಔಷಧಿ ಹಿಡಿದಿಡುವ ಕಾರ್ಟ್ರಿಜ್‌ನಲ್ಲಿ ಹಾಯಿಸಿ 1 ಮಿ.ಲೀ.ಗೆ ಇಳಿಸಿದರಷ್ಟೇ ಆ ಅಂಕಿ ಸೆನ್ಸರಿನ ಅಂಚಿಗೆ ಬರುತ್ತದೆ. ಜೊತೆಗೆ ಟ್ಯಾನಿನ್ನೂ ದಟ್ಟವಾಗಿರುತ್ತದೆ. ಅಂಥ ಸಾರದಲ್ಲಿ ಅಚ್ಚಿಲ್ಲದ ಪದರದ ಇಳಿಕೆ ಅಚ್ಚಿನ ಪದರದ ಇಳಿಕೆಯ ಅರ್ಧ ಮೀರಿದರೆ ಅಂಕಿ ಬರೆಯದೆ ಮಾದರಿಯನ್ನು ಅಣುಗಳನ್ನು ಬೇರ್ಪಡಿಸಿ ರಾಶಿಯಿಂದ ಗುರುತಿಸುವ ಎಲ್‌ಸಿ-ಎಂಎಸ್ ಪರೀಕ್ಷೆಗೆ ಕಳಿಸುತ್ತೇನೆ.